ಲೆಕ್ಕಕ್ಕೆ ಸಿಗದ ಮೂರು ರೊಟ್ಟಿ

ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳು ಜೋಕಾಲಿ ಜೀಕಿ, ಉಂಡಿ ತಿಂದು, ಎಂಟು ದಿನ ಹಾಯಾಗಿದ್ದು ಹೋಗುತ್ತಾರೆ. ನನ್ನ ತಂಗಿ ಆ ವರ್ಷ ಬಾಗೇವಾಡಿಗೆ ಬಂದದ್ದು ಹಾಗಲ್ಲ. ಅವಳನ್ನು ಇಂಡಿ ತಾಲೂಕಿನ ತಾಂಬಾಕ್ಕೆ ಕೊಟ್ಟು ಎರಡು ವರ್ಷವಾಗಿತ್ತು. ಬಸ್ಸಿನಿಂದ ಅವಳನ್ನು ಇಳಿಸಿಕೊಂಡು ಬಂದ ಮೈದುನ ಟ್ರಂಕನ್ನು ನಮ್ಮ ಕಟ್ಟೆಯ ಮೇಲಿಟ್ಟು, ಅವ್ವ ಕೊಟ್ಟ ಚಹಾ ಮುಟ್ಟದೆ, ನಿಂತಲ್ಲೇ ಅತ್ತೆಯ ಮಾತು ಒಪ್ಪಿಸಿದ.

"ನಮ್ಮವ್ವ ಹೇಳಿ ಕಳಿಸ್ಯಾಳ್ರಿ. ದಿನಕ್ಕ ಹತ್ತ ಹನ್ನೆರಡ ರೊಟ್ಟಿ ತಿಂತಾಳ, ಮೈಗೆ ಒಂದೂ ಹತ್ತವಲ್ದು. ನೋಡಿದವ್ರು ನಾವs ಉಪಾಸ ಕೆಡವೇವಿ ಅಂತಾರ. ಬನ್ನಿ ಹಬ್ಬದ ತನಕ ಇಟ್ಟಕೊಳ್ರಿ. ಮೈ ತುಂಬಿದ್ರ ಕಳಿಸ್ರಿ. ಇಲ್ಲಂದ್ರ ಇಲ್ಲೇ ಇರ್ಲಿ, ನಮ್ಮಣ್ಣಗ ಬ್ಯಾರೆ ಹೆಣ್ಣ ನೋಡ್ತೇವಿ."

ಬಂದ ಬಸ್ಸಿಗೇ ಅವನು ಹಿಂದಿರುಗಿದ. ಪಂಚಮಿಯಿಂದ ದಸರೆಯ ಬನ್ನಿಗೆ ಎರಡು ತಿಂಗಳ ಮೇಲೆ ಕೆಲವು ದಿನ. ಅಷ್ಟರಲ್ಲಿ ನನ್ನ ತಂಗಿ ಮೈ ತುಂಬಿಕೊಳ್ಳಬೇಕು. ಇಲ್ಲವಾದರೆ ಇಪ್ಪತ್ತನೆಯ ವಯಸ್ಸಿಗೇ ಅವಳ ಸಂಸಾರ ಮುಗಿದಂತೆ. ಅವಳು ಟ್ರಂಕಿನ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ. ಒಳಗೆ ಬಂದು, ಕಾಲಿಗೆ ನೀರು ಕೂಡ ಹಾಕಿಕೊಳ್ಳದೆ, ರೊಟ್ಟಿಯ ಬುಟ್ಟಿ ಎಲ್ಲಿದೆ ಎಂದು ನೋಡಿದಳು.

ಆಗ ಅವಳ ಕಣ್ಣು ನೋಡಿದೆ. ಮದುವೆಯಲ್ಲಿ ನೋಡಿದ ಕಣ್ಣುಗಳಲ್ಲ ಅವು. ಮುಖ ಬತ್ತಿ, ಕಣ್ಣು ಮಾತ್ರ ದೊಡ್ಡವಾಗಿ, ಹೊರಗೆ ಬಂದು, ರೆಪ್ಪೆ ಬಡಿಯುವುದನ್ನೇ ಮರೆತಂತೆ ನೆಟ್ಟಗೆ ನೋಡುತ್ತಿದ್ದವು. ಮಲಗಿದಾಗಲೂ ಅವು ಪೂರ್ತಿ ಮುಚ್ಚುತ್ತಿರಲಿಲ್ಲ. ಕೆಳಗೆ ಬಿಳಿ ಗೆರೆಯೊಂದು ಉಳಿಯುತ್ತಿತ್ತು. ಮೈ ಮುಟ್ಟಿದರೆ ಈಗಷ್ಟೇ ಹೆಂಚಿನಿಂದ ಇಳಿಸಿದ ರೊಟ್ಟಿಯ ಬಿಸಿ. ಜಿಟಿಜಿಟಿ ಮಳೆ ಹಿಡಿದ ಶ್ರಾವಣದಲ್ಲಿ ನಾವೆಲ್ಲ ಕಂಬಳಿ ಹೊದ್ದರೆ ಅವಳು ಸೆರಗು ಬೀಸಿಕೊಳ್ಳುತ್ತಿದ್ದಳು. ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದ್ದು: ಅವಳ ಬಳೆಗಳು. ಸುಮ್ಮನೆ ಕೈ ಮಡಿಲಲ್ಲಿಟ್ಟು ಕುಳಿತಿದ್ದರೂ, ಕಿವಿಗೊಟ್ಟರೆ, ಆ ಗಾಜಿನ ಬಳೆಗಳು ಸಣ್ಣಗೆ ಸದ್ದು ಮಾಡುತ್ತಲೇ ಇದ್ದವು. ಕೈ ಅಲುಗುವುದು ಕಾಣುತ್ತಿರಲಿಲ್ಲ, ಬಳೆ ಮಾತ್ರ ಕೇಳಿಸುತ್ತಿತ್ತು. ಅವ್ವ ಅದನ್ನು ಕೇಳಿದ ದಿನವೇ ತೀರ್ಮಾನಿಸಿಬಿಟ್ಟಳು.

"ಇದು ಗಾಳಿ, ತಮ್ಮಾ. ಈಕಿ ಒಳಗ ಇನ್ನೊಬ್ಬಾಕಿ ಕುಂತಾಳ."

ನನಗೆ ರೇಗಿತು. ನಾನು ಆಗ ಊರಿನ ಶಾಲೆಯಲ್ಲಿ ಡ್ರಿಲ್ ಮಾಸ್ತರ. ಇಪ್ಪತ್ತಾರು ವರ್ಷದವ, ಮದುವೆಯಾಗಿರಲಿಲ್ಲ, ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ನನ್ನದು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಜೊತೆಗೆ ಒಂದು ಸೊಕ್ಕು: ತರಬೇತಿಗೆ ಹೋದಾಗ ತಂದ ಒಂದು ಪುಸ್ತಕ ನನ್ನ ಹತ್ತಿರ ಇತ್ತು. ಅದರ ಹಿಂದಿನ ಪುಟಗಳಲ್ಲಿ ಕೋಷ್ಟಕಗಳಿದ್ದವು. ಒಂದು ತಾಸು ನಡೆದರೆ ಇಷ್ಟು ಕ್ಯಾಲರಿ, ಓಡಿದರೆ ಇಷ್ಟು, ಕುಳಿತರೆ ಇಷ್ಟು, ಮಲಗಿದರೆ ಇಷ್ಟು. ಮನುಷ್ಯನೂ ಒಲೆಯೇ, ತಿಂದದ್ದನ್ನು ಸುಡುತ್ತಾನೆ, ಸುಟ್ಟು ಉಳಿದದ್ದು ಮೈಗೆ ಹತ್ತುತ್ತದೆ ಎಂದು ನಾನು ಹುಡುಗರಿಗೆ ಹೇಳುತ್ತಿದ್ದೆ. ಕ್ಯಾಲರಿ ಎಂಬ ಶಬ್ದ ಇಡೀ ಬಾಗೇವಾಡಿಯಲ್ಲಿ ನನ್ನೊಬ್ಬನಿಗೇ ಗೊತ್ತು ಎಂದು ತಿಳಿದಿದ್ದೆ.

"ಗಾಳಿ ಇಲ್ಲ, ಗೀಳಿ ಇಲ್ಲ," ಎಂದೆ ಅವ್ವನಿಗೆ. "ಲೆಕ್ಕಾ ಮಾಡಿದ್ರ ಎಲ್ಲಾ ಗೊತ್ತಾಗ್ತೈತಿ. ಬನ್ನಿ ಹಬ್ಬದೊಳಗ ಈಕಿನ ಗುಂಡ ಕಲ್ಲ ಮಾಡಿ ಕಳಿಸ್ತೇನಿ, ನೋಡ್ತಿರು."

ಅವ್ವನಿಗೆ ಅರ್ಥವಾಗಲಿ ಎಂದು ಕ್ಯಾಲರಿಯನ್ನು ರೊಟ್ಟಿಗೆ ಇಳಿಸಿದೆ. ನಮ್ಮ ಮನೆಯ ಒಂದು ಜೋಳದ ರೊಟ್ಟಿ ಎಷ್ಟು ತೂಗುತ್ತದೆ, ಪಲ್ಯದೊಂದಿಗೆ ಅದು ಎಷ್ಟು ಕ್ಯಾಲರಿ ಎಂದು ನನ್ನದೇ ಅಂದಾಜು ಹಾಕಿ, ಎಲ್ಲ ಕೆಲಸವನ್ನೂ ರೊಟ್ಟಿಯಲ್ಲೇ ಅಳೆದೆ. ತಂಗಿ ಏನೂ ಮಾಡದೆ ಬರೀ ಬದುಕಿರುವುದಕ್ಕೆ ದಿನಕ್ಕೆ ಮೂರು ರೊಟ್ಟಿ. ಬೀಸುವುದು, ಬಾವಿಯಿಂದ ನೀರು ಸೇದುವುದು, ಕಸ ಮುಸುರೆ ಎಲ್ಲ ಸೇರಿ ಒಂದೂವರೆ. ಗರಡಿಯ ಹುಡುಗರಿಗೆ ನಮ್ಮ ಕಡೆ ಒಂದು ಮಾತು ಹೇಳುತ್ತೇವೆ, ಬೆವರು ಇಳಿಸದೆ ತಿಂದದ್ದು ಮೈಯಾಗುವುದಿಲ್ಲ ಎಂದು. ನಾನು ತಂಗಿಯನ್ನೂ ಗರಡಿಯ ಪೈಲವಾನನಂತೆಯೇ ನೋಡಿದೆ. ದಿನಾ ಬೆಳಿಗ್ಗೆ ಮಸೂತಿ ಊರಿನ ಕಡೆ ಹೋಗುವ ರಸ್ತೆಯಲ್ಲಿ ಮೊದಲ ಮೈಲಿಗಲ್ಲಿನವರೆಗೆ ನಡೆಸಿ ಕರೆತರುವುದೆಂದು ಗೊತ್ತುಮಾಡಿದೆ. ಅದಕ್ಕೆ ಅರ್ಧ ರೊಟ್ಟಿ. ಒಟ್ಟು ಖರ್ಚು ಐದು. ಉಣ್ಣಲು ಎಂಟು. ಉಳಿದ ಮೂರು ರೊಟ್ಟಿ ದಿನಾ ಮೈಗೆ ಹತ್ತಲೇಬೇಕು.

ಉಣ್ಣುವವರ ರೊಟ್ಟಿ ಎಣಿಸಬಾರದು ಎನ್ನುವುದು ನಮ್ಮ ಮನೆಗಳ ಕಟ್ಟಳೆ. ಬಡಿಸುವವರು ಬುಟ್ಟಿಯಿಂದ ತೆಗೆದು ಹಾಕುತ್ತಲೇ ಇರಬೇಕು, ಎಷ್ಟಾಯಿತು ಎಂದು ಕೇಳಬಾರದು. ಕೇಳಿದರೆ ಉಂಡದ್ದು ಮೈಗೆ ಹತ್ತುವುದಿಲ್ಲ, ದೃಷ್ಟಿಯಾಗುತ್ತದೆ. ನಾನು ಬುಟ್ಟಿಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತೆ. ಬೆಳಿಗ್ಗೆ ಎರಡು, ಮಧ್ಯಾಹ್ನ ಮೂರು, ಸಂಜೆ ಮೂರು. ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಹಾಕುತ್ತಿದ್ದೆ. ಅವ್ವ ಮುಖ ತಿರುಗಿಸಿಕೊಂಡು ಬಡಿಸುತ್ತಿದ್ದಳು.

ಎರಡನೆಯ ದಿನವೇ ತಂಗಿ ಮೂರನೆಯ ರೊಟ್ಟಿ ಮುಗಿಸಿ, ತಾಟಿನ ಮೇಲೆ ಕೈ ಹಾಗೇ ಇಟ್ಟುಕೊಂಡು ಕುಳಿತಳು.

"ಇನ್ನೊಂದ ಹಾಕ್ಲ್ಯಾ?" ಎಂದಳು ಅವ್ವ.

"ಹಾಕಬ್ಯಾಡ," ಎಂದೆ ನಾನು. "ಎಂಟ ಅಂದ್ರ ಎಂಟ. ಹೆಚ್ಚು ಕಡಿಮಿ ಆದ್ರ ಲೆಕ್ಕಾ ಕೆಡ್ತೈತಿ. ಲೆಕ್ಕಾ ಕೆಟ್ರ ಈಕಿನ ತಾಂಬಾಕ್ಕ ಕಳಿಸೂದು ಹೆಂಗ?"

ತಂಗಿ ನನ್ನ ಕಡೆ ಆ ದೊಡ್ಡ ಕಣ್ಣುಗಳಿಂದ ನೋಡಿ, ತಾಟು ತೊಳೆದು, ಬೋರಲು ಹಾಕಿ ಎದ್ದು ಹೋದಳು. ಆಮೇಲೆ ಯಾವತ್ತೂ ಇನ್ನೊಂದು ಕೇಳಲಿಲ್ಲ. ಹಸಿವು ಕಡಿಮೆಯಾಯಿತು, ಅದು ಒಳ್ಳೆಯ ಲಕ್ಷಣ ಎಂದು ನಾನು ಲೆಕ್ಕದ ವಹಿಯಲ್ಲಿ ಬರೆದುಕೊಂಡೆ. ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಬೆಳಗಿನ ನಡಿಗೆಯಲ್ಲಿ ಮುಂದೆ ನಾನು, ಹಿಂದೆ ಅವಳು. ಎರಡೂ ಬದಿ ಕರಿ ಹೊಲ, ಸಜ್ಜೆ ಎದ್ದು ನಿಂತಿತ್ತು. ಮೈಲಿಗಲ್ಲು ಮುಟ್ಟಿ ತಿರುಗುವ ಹೊತ್ತಿಗೆ ಅವಳ ಕುಪ್ಪಸ ಬೆನ್ನಿಗೆ ಅಂಟಿರುತ್ತಿತ್ತು. ಬೆವರು ಬಂತು ಎಂದು ನಾನು ಖುಷಿಪಡುತ್ತಿದ್ದೆ. ಒಂದು ದಿನ ಹೊರಡುವ ಮೊದಲು, ಕಟ್ಟೆಯ ಮೇಲೆ ಕುಳಿತಿದ್ದವಳ ಕೈ ಹಿಡಿದು ಗಡಿಯಾರ ನೋಡುತ್ತ ನಾಡಿ ಎಣಿಸಿದೆ. ನಡೆದು ಬಂದ ಮೇಲಿನ ನಾಡಿಯೊಂದಿಗೆ ಹೋಲಿಸಿದರೆ ಎಷ್ಟು ಸುಟ್ಟಳು ಎಂದು ಇನ್ನೂ ಚೊಕ್ಕವಾಗಿ ತಿಳಿಯುತ್ತದೆ ಎಂಬ ಆಸೆ. ಆದರೆ ಕುಳಿತವಳ ನಾಡಿ ಓಟ ಮುಗಿಸಿದ ಹುಡುಗರ ನಾಡಿಯಂತೆ ಹಾರುತ್ತಿತ್ತು.

"ಎಲ್ಲಿಗೆ ಓಡಿ ಹೋಗಿದ್ದಿ?"

"ಎಲ್ಲೂ ಹೋಗಿಲ್ಲಣ್ಣ. ಎದ್ದಾಗಿಂದ ಇಲ್ಲೇ ಕುಂತೇನಿ."

ಮತ್ತೆ ಎಣಿಸಿದೆ. ಅದೇ. ಗಡಿಯಾರ ಅಪ್ಪನ ಕಾಲದ್ದು. ಜಾಡಿಸಿ, ಕಿವಿಗೆ ಹಿಡಿದು ನೋಡಿ, ಅದೇ ಕೆಟ್ಟಿದೆ ಎಂದು ತೀರ್ಮಾನಿಸಿದೆ. ಪುಸ್ತಕ ತಪ್ಪಿರಬಹುದು ಎಂದು ಒಮ್ಮೆಯೂ ಅನ್ನಿಸಲಿಲ್ಲ.

ತೂಕಕ್ಕೆ ನಮ್ಮ ಓಣಿಯ ಕಾಕಾ ಇದ್ದರು. ಮುಸಲ್ಮಾನರು, ಅಪ್ಪನ ಜೊತೆ ಆಡಿ ಬೆಳೆದವರು, ಶೇಂಗಾ ಹತ್ತಿ ಕೊಳ್ಳುವ ಅಡತಿ ಅಂಗಡಿಯಲ್ಲಿ ನಲವತ್ತು ವರ್ಷ ತಕ್ಕಡಿ ಹಿಡಿದವರು. ಮಣ ಸೇರು ಹೋಗಿ ಕಿಲೋ ಬಂದ ಹೊಸತು. ಕರಿ ಬಣ್ಣದ ಹೊಸ ಕಬ್ಬಿಣದ ಕಲ್ಲುಗಳನ್ನು ಅವರು ಹೊಸ ಸೊಸೆಯನ್ನು ನೋಡುವಂತೆ ಅನುಮಾನದಿಂದ ನೋಡುತ್ತಿದ್ದರು. ಸಂತೆಯ ಮರುದಿನ ಮಧ್ಯಾಹ್ನ ಅಂಗಡಿ ಖಾಲಿ ಇರುವ ಹೊತ್ತಿಗೆ ಅವ್ವನ ಜೊತೆ ತಂಗಿಯನ್ನು ಕರೆದೊಯ್ದು, ತೊಲೆಗೆ ತೂಗುಬಿಟ್ಟ ದೊಡ್ಡ ತಕ್ಕಡಿಯ ಹಲಗೆಯ ಮೇಲೆ ಕೂರಿಸುತ್ತಿದ್ದೆವು. ಮೊದಲ ಸಲ ಮೂವತ್ತೆಂಟು ಕಿಲೋ. ಎರಡನೆಯ ಸಲ ಮೂವತ್ತೇಳು. ಮೂರನೆಯ ಸಲ ಕಾಕಾ ಕಲ್ಲು ಇಡುತ್ತಿದ್ದಂತೆಯೇ ಅವಳ ಹಲಗೆ ತಾನಾಗಿ ಮೇಲೆದ್ದಿತು.

ನಾನು ಮನೆಗೆ ಬಂದು ಗೋಡೆಯ ಗೆರೆಗಳನ್ನೆಲ್ಲ ಮತ್ತೆ ಎಣಿಸಿದೆ. ಎಂಟು ತಿಂದಿದ್ದಾಳೆ, ನನ್ನ ಕಣ್ಣೆದುರೇ. ಐದು ಖರ್ಚು. ಉಳಿದ ಮೂರು ಎಲ್ಲಿ? ಬೀಸುವುದಕ್ಕೆ ಕಡಿಮೆ ಹಿಡಿದೆನೇನೋ ಎಂದು ಒಂದು ದಿನ ನಾನೇ ಬೀಸುಕಲ್ಲಿನ ಮುಂದೆ ಕುಳಿತು ಬೀಸಿ ನೋಡಿದೆ. ತೋಳು ಹರಿದುಹೋಗುವಂತಾಯಿತು, ಆದರೆ ಒಂದೂವರೆಗಿಂತ ಹೆಚ್ಚು ಹಿಡಿಯಲು ಪುಸ್ತಕ ಒಪ್ಪಲಿಲ್ಲ. ಲೆಕ್ಕ ಕೂಡಲಿಲ್ಲ. ತಿಂದವಳ ಮೈಯಲ್ಲಿಲ್ಲ, ಮಾಡಿದ ಕೆಲಸದಲ್ಲಿಲ್ಲ. ನಡಿಗೆ ಸಾಲದು ಎಂದುಕೊಂಡು, ಖರ್ಚು ಐದೇ ಇರುವಂತೆ ನೀರು ಸೇದುವುದನ್ನು ಬಿಡಿಸಿ, ಎರಡನೆಯ ಮೈಲಿಗಲ್ಲಿನವರೆಗೆ ಒಯ್ಯತೊಡಗಿದೆ. ಅವಳು ದಾರಿಯಲ್ಲಿ ಎರಡು ಸಲ ಕುಳಿತುಕೊಂಡು, ಎದೆ ಒತ್ತಿಕೊಂಡು, ಮತ್ತೆ ಏಳುತ್ತಿದ್ದಳು. ನಾನು ಬೈಯುತ್ತಿದ್ದೆ. ಬನ್ನಿ ಹಬ್ಬ ಹತ್ತಿರ ಬರುತ್ತಿತ್ತು, ನನಗೂ ಹೆದರಿಕೆ ಶುರುವಾಗಿತ್ತು, ಹೆದರಿದಾಗ ನನಗೆ ಬೈಯುವುದೊಂದೇ ಬರುತ್ತಿತ್ತು.

"ಮೂರು ರೊಟ್ಟಿ ತಾಳಿ ಬೀಳವಲ್ವು, ಅವ್ವಾ," ಎಂದು ಒಂದು ದಿನ ಸೋತು ಹೇಳಿದೆ.

ಅವ್ವ ಗೋಡೆಯ ಗೆರೆಗಳ ಕಡೆ ನೋಡಿದಳು.

"ಮೂರs ಏನು?"

"ಮೂರs."

"ಹಂಗಾರ ಆ ಒಳಗಿನಾಕಿ ಊಟ ಮೂರು ರೊಟ್ಟಿ," ಎಂದಳು ಅವ್ವ. "ಆಕಿ ಪಾಲು ಆಕಿಗೆ ಬ್ಯಾರೆ ಇಟ್ರ ನನ್ನ ಮಗಳ ಪಾಲಿಗೆ ಬರೂದಿಲ್ಲ."

ಮರುದಿನದಿಂದ ಮಟಮಟ ಮಧ್ಯಾಹ್ನ ಅವ್ವ ಒಂದು ಹಳೆಯ ತಾಟಿನಲ್ಲಿ ಮೂರು ರೊಟ್ಟಿ, ಮೇಲೊಂದು ಬೆಲ್ಲದ ತುಣುಕು ಇಟ್ಟು, ಹಿತ್ತಲಿನ ಜೋಳದ ಕಣಿಕೆಯ ಬಣವೆಯ ಹತ್ತಿರ ಗೋಡೆಯ ಬುಡಕ್ಕೆ ಇಟ್ಟು, ಹಿಂತಿರುಗಿ ನೋಡದೆ ಬರತೊಡಗಿದಳು. ನಾನು ನಕ್ಕೆ. ನಾಯಿಗೆ ಹಬ್ಬ ಎಂದೆ. ನಗುವಾಗಲೂ ಒಳಗೆ ಒಂದು ಮುಳ್ಳು ಚುಚ್ಚುತ್ತಿತ್ತು: ದೆವ್ವವನ್ನು ನಂಬದ ನಾನೇ ಪುಸ್ತಕ ನೋಡಿ ದೆವ್ವದ ಊಟ ಇಷ್ಟೇ ಎಂದು ಗೊತ್ತುಮಾಡಿಕೊಟ್ಟಿದ್ದೆ.

ರೊಟ್ಟಿ ದಿನಾ ಹೋಗುತ್ತಿದ್ದವು. ಒಂದು ಚೂರೂ ಉಳಿಯುತ್ತಿರಲಿಲ್ಲ. ಅದೇನೂ ದೊಡ್ಡದಲ್ಲ. ಆದರೆ ಸಂಜೆ ಅವ್ವ ತರಲು ಹೋದಾಗ ತಾಟು ಬೋರಲಾಗಿರುತ್ತಿತ್ತು. ಮೊದಲ ದಿನ ನಾಯಿ ಉರುಳಿಸಿದೆ ಎಂದೆ. ಎರಡನೆಯ ದಿನವೂ ಬೋರಲು. ಮೂರನೆಯ ದಿನವೂ. ಉಂಡು ಮುಗಿಸಿದವರು ಹಾಕುವ ಹಾಗೆ, ನೆಟ್ಟಗೆ, ಗೋಡೆಗೆ ಒತ್ತಿ.

ಒಂದು ಮಧ್ಯಾಹ್ನ ಶಾಲೆಯಿಂದ ಹೊತ್ತಿಗಿಂತ ಮೊದಲೇ ಬಂದು, ಓಣಿಯ ಕಡೆಯಿಂದ ಹಿತ್ತಲಿಗೆ ಹೋದೆ. ನಾಯಿಯನ್ನು ಹಿಡಿದು ಅವ್ವನಿಗೆ ತೋರಿಸಿ ಈ ಹುಚ್ಚು ಬಿಡಿಸಬೇಕೆಂದಿದ್ದೆ. ಮಳೆ ಬಿಟ್ಟು ಬಿಸಿಲು ಚುರುಗುಟ್ಟುತ್ತಿತ್ತು. ಓಣಿಯಲ್ಲಿ ಒಂದು ಹುಳ ಇರಲಿಲ್ಲ. ಬೇಲಿಯ ದಣಪೆ ದಾಟಿದೆ. ಹಿತ್ತಲಲ್ಲಿ ಯಾರೂ ಇಲ್ಲ. ನಾಯಿಯೂ ಇಲ್ಲ. ಗೋಡೆಯ ಬುಡದಲ್ಲಿ ತಾಟು ಬೋರಲಾಗಿ ಬಿದ್ದಿತ್ತು, ಮತ್ತು ಅದರ ಅಂಚು ಇನ್ನೂ ಕಲ್ಲಿನ ಮೇಲೆ ಟಣ ಟಣ ಎಂದು ಅಲುಗುತ್ತಿತ್ತು. ಈಗಷ್ಟೇ ಕೈಬಿಟ್ಟ ತಾಟು. ನಾನು ನೋಡುತ್ತಿದ್ದಂತೆಯೇ ಅದು ನಿಧಾನವಾಗಿ ನಿಂತಿತು. ಹಿತ್ತಲು ತುಂಬ ಬಿಸಿಲು, ಬಣವೆ, ನಾನು. ಎಲ್ಲೋ ಬಹಳ ಹತ್ತಿರದಲ್ಲಿ ಯಾರೋ ಉಸಿರು ಬಿಗಿಹಿಡಿದಿದ್ದಾರೆ ಎನ್ನಿಸಿತು.

ಬಣವೆಯ ಹಿಂದೆ ನೋಡಬಹುದಿತ್ತು. ಹತ್ತು ಹೆಜ್ಜೆ. ನೋಡಲಿಲ್ಲ. ಇನ್ನೂರು ಹುಡುಗರಿಗೆ ಎದೆ ಮುಂದೆ ಎಂದು ಕೂಗುವ ಡ್ರಿಲ್ ಮಾಸ್ತರ ದಣಪೆ ಹಾರಿ ಶಾಲೆಯವರೆಗೂ ಓಡಿದ. ಆ ಓಟಕ್ಕೆ ಎಷ್ಟು ರೊಟ್ಟಿ ಎಂದು ಮಾತ್ರ ಬರೆದಿಡಲಿಲ್ಲ.

ಆ ದಿನದಿಂದ ನನಗೆ ತಂಗಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಲು ಆಗುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಅವಳ ಬಳೆಯ ಸದ್ದು ಕೇಳಿದರೆ ಮಣೆ ಹಿಂದೆ ಸರಿಸಿಕೊಳ್ಳುತ್ತಿದ್ದೆ. ಅವ್ವ ಹೇಳಿದ್ದೇ ನಿಜವಿರಬಹುದೇ, ನಾನು ಎಂಟು ರೊಟ್ಟಿ ಎಣಿಸಿ ಹಾಕುತ್ತಿರುವುದು ಯಾರಿಗೆ, ತುತ್ತು ಬಾಯಿಗಿಡುತ್ತಿರುವುದು ಯಾರು ಎಂದು ಯೋಚನೆ ಹತ್ತಿತು. ಆದರೂ ನಡಿಗೆ ನಿಲ್ಲಿಸಲಿಲ್ಲ, ಎಣಿಕೆ ಬಿಡಲಿಲ್ಲ. ಅದೊಂದನ್ನು ಬಿಟ್ಟರೆ ನನ್ನ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ಬನ್ನಿಗೆ ಇನ್ನು ಹದಿನೈದು ದಿನ ಇದ್ದಾಗ ಮತ್ತೆ ತೂಕಕ್ಕೆ ಹೋದೆವು. ಮೂವತ್ನಾಲ್ಕು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಕಾ ಮಾತ್ರ ಕಲ್ಲುಗಳ ಕಡೆ ನೋಡಲೇ ಇಲ್ಲ. ತಕ್ಕಡಿಯ ನಡುವಿನ ಮುಳ್ಳನ್ನೇ ನೋಡುತ್ತ ನಿಂತರು. ಕೈಸನ್ನೆಯಿಂದ ನನ್ನನ್ನು ಹತ್ತಿರ ಕರೆದರು.

"ಇಲ್ಲೆ ನೋಡು, ಮಾಸ್ತರ."

ನೋಡಿದೆ. ಎರಡೂ ಕಡೆ ಸಮನಾಗಿತ್ತು, ಆದರೆ ಮುಳ್ಳು ನಿಂತಿರಲಿಲ್ಲ. ಸಣ್ಣಗೆ, ಬಹಳ ಸಣ್ಣಗೆ, ಬಿಡದೆ ನಡುಗುತ್ತಿತ್ತು.

"ಗಾಳಿಗೆ ಇರಬೇಕ್ರಿ, ಕಾಕಾ."

"ಬಾಗಲಾ ಹಾಕೇನಿ. ತಂಗೀ, ಉಸಿರ ಹಿಡಿ ನೋಡುಣು. ಅಲಗಬ್ಯಾಡ."

ತಂಗಿ ಉಸಿರು ಹಿಡಿದಳು. ಮುಳ್ಳು ನಡುಗುತ್ತಲೇ ಇತ್ತು. ಆ ದೊಡ್ಡ ಖಾಲಿ ಅಂಗಡಿಯಲ್ಲಿ, ಶೇಂಗಾದ ಧೂಳಿನಲ್ಲಿ, ನಾವು ಮೂವರೂ ಉಸಿರು ಹಿಡಿದು ಆ ಮುಳ್ಳನ್ನೇ ನೋಡಿದೆವು.

"ನಲವತ್ತ ವರ್ಷ ತೂಗೇನಿ," ಎಂದರು ಕಾಕಾ ಮೆಲ್ಲಗೆ. "ಜೀವ ಇದ್ದ ಆಡು ತೂಗೇನಿ, ಕುರಿ ತೂಗೇನಿ. ಅವೂ ಒಂದ ಗಳಿಗಿ ಸುಮ್ನ ನಿಂತ್ರ ಮುಳ್ಳ ನಿಲ್ತೈತಿ. ಈ ಕೂಸಿಂದ ಮೊದಲನೇ ದಿನದಿಂದಾನೂ ನಿಂತಿಲ್ಲ. ನಿಮಗ ಹೇಳಾಕ ಹೆದರಿದ್ದೆ. ಮಾಸ್ತರ, ಈಕಿ ಕುಂತಿಲ್ಲ. ಕುಂತಲ್ಲೇ ಓಡಾಕತ್ತಾಳ."

ಆಮೇಲೆ ಅವರು ತಂಗಿಯ ಕುತ್ತಿಗೆಯ ಕಡೆ ಬೆರಳು ತೋರಿಸಿದರು, ಮುಟ್ಟದೆ. ಕೊರಳ ಮಣಿಸರ ಒಂದು ಕಡೆ ಸ್ವಲ್ಪ ಎತ್ತಿಕೊಂಡಿತ್ತು. ಅದರ ಕೆಳಗೆ ನಿಂಬೆಯ ಹೋಳಿನಷ್ಟು ಉಬ್ಬು. ದಿನಾ ಎದುರಿಗೆ ಕೂತು ಅವಳ ರೊಟ್ಟಿ ಎಣಿಸಿದ ನಾನು ಅವಳ ಕುತ್ತಿಗೆ ನೋಡಿರಲಿಲ್ಲ.

"ನಮ್ಮ ಅಕ್ಕಗ ಹಿಂಗs ಆಗಿತ್ತು. ಇದೇ ಕಣ್ಣು, ಇದೇ ಗಂಟಲ. ನಾವು ತಾಯತ ಕಟ್ಟಿಕೋಂತ ಕುಂತ್ವಿ. ನೀ ಕುಂದ್ರಬ್ಯಾಡ. ನಾಳೆ ರೈಲಿಗೆ ಸೊಲ್ಲಾಪುರಕ್ಕ ಹೋಗು."

ಅವರ ಅಕ್ಕನಿಗೆ ಏನಾಯಿತು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ರೈಲು ಇಂಡಿ ರೋಡ್ ನಿಲ್ದಾಣದಲ್ಲಿ ನಿಂತಾಗ ತಂಗಿ ಸೆರಗನ್ನು ಮುಖದ ಮೇಲೆ ಪೂರ್ತಿ ಎಳೆದುಕೊಂಡಳು. ತಾಂಬಾದವರು ಯಾರಾದರೂ ಹತ್ತಿದರೆ ಈ ಕಣ್ಣು ನೋಡಬಾರದು ಎಂದಳು. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತ್ತು. ಗಾಡಿ ನಿಂತಿದ್ದರೂ ಅದು ನಡುಗುತ್ತಿತ್ತು.

ಸೊಲ್ಲಾಪುರದ ದೊಡ್ಡ ದವಾಖಾನೆಯಲ್ಲಿ ಮರುದಿನ ಬೆಳಿಗ್ಗೆ ಏನೂ ತಿನ್ನಿಸದೆ ಅವಳನ್ನು ಮಂಚದ ಮೇಲೆ ಮಲಗಿಸಿ, ಅರ್ಧ ತಾಸು ಅಲುಗಾಡಬೇಡ ಎಂದು ಬಿಟ್ಟರು. ಆಮೇಲೆ ಮೂಗಿಗೆ ಚಿಮಟ ಹಾಕಿ, ಬಾಯಿಗೆ ರಬ್ಬರಿನ ಕೊಳವೆ ಕೊಟ್ಟರು. ಕೊಳವೆಯ ಆಚೆ ಒಂದು ಡಬ್ಬಿ. ಅವಳ ಉಸಿರಿಗೆ ಅದರ ಮುಚ್ಚಳ ಏರಿಳಿದು, ಒಂದು ಸಣ್ಣ ಲೇಖನಿ ತಿರುಗುವ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಕೋಣೆಯಲ್ಲಿ ಬೇರೆ ಸದ್ದಿಲ್ಲ. ಮಲಗಿದವಳ ದೊಡ್ಡ ಕಣ್ಣುಗಳು ಸೂರು ನೋಡುತ್ತಿದ್ದವು, ಲೇಖನಿ ತನ್ನಷ್ಟಕ್ಕೆ ಬರೆಯುತ್ತಿತ್ತು. ನನ್ನ ಗೋಡೆಯ ಇದ್ದಿಲಿನ ಗೆರೆಗಳು ನೆನಪಾದವು.

ಡಾಕ್ಟರು ಕಾಗದ ಹರಿದು ಬೆಳಕಿಗೆ ಹಿಡಿದರು.

"ಈ ಕಾಗದ ಒಂದs ನೋಡಿದ್ರ, ಯಾರೋ ಗುಡ್ಡ ಹತ್ತಾಕತ್ತಾರ ಅಂತಿದ್ದೆ. ಗಂಟಲದಾಗಿನ ಥೈರಾಯ್ಡ್ ಗ್ರಂಥಿ ಮಿತಿ ಮೀರಿ ಕೆಲಸ ಮಾಡಾಕತ್ತದ. ಒಲಿ ಧಗಧಗ ಉರಿಯಾಕತ್ತದ, ಅಷ್ಟs."

ನಾನು ದೊಡ್ಡ ಮನುಷ್ಯನಂತೆ ನನ್ನ ವಹಿ ಮುಂದಿಟ್ಟು, ಮೂರು ರೊಟ್ಟಿ ತಾಳೆ ಬೀಳಲಿಲ್ಲ ಎಂದು ಹೇಳಿದೆ. ಅವರು ಪುಟ ತಿರುವಿದರು. ಮೊದಲು ನಕ್ಕರು. ಮಸೂತಿ ರಸ್ತೆಯ ಪುಟ ಬಂದಾಗ ನಗು ನಿಂತಿತು.

"ಬರೇ ಬದುಕಿರೂದಕ್ಕ ಮೂರು ಹಿಡದೀರಿ. ಅಲ್ಲೇ ತಪ್ಪಿದ್ರಿ. ಈಕಿಗೆ ಅದು ಐದ ಆಗಬಹುದು, ಆರ ಆಗಬಹುದು. ನಡದ್ರ ಅದರ ಮ್ಯಾಲ ಬ್ಯಾರೆ, ಅದೂ ಮಂದಿಗಿಂತ ಹೆಚ್ಚ. ನಿಮ್ಮ ಪುಸ್ತಕ ಈಕಿನ ನೋಡಿ ಬರದದ್ದಲ್ರೀ, ಮಾಸ್ತರ. ಎರಡೆರಡ ಮೈಲಿಗಲ್ಲು ನಡಸೀರಿ? ಇನ್ನೊಂದ ತಿಂಗಳ ನಡಸಿದ್ರ ದಾರಿ ಮ್ಯಾಲೇ ಎದಿ ನಿಲ್ತಿತ್ತು."

ಅವರು ರೊಟ್ಟಿಯ ಲೆಕ್ಕದ ಮೇಲೆ ಬೆರಳಿಟ್ಟರು.

"ಉಣ್ಣಾಕ ಹೆಚ್ಚ ಕೇಳ್ತಿದ್ಲೇನು?"

"ಮೊದಲ ಕೇಳಿದ್ಲುರಿ."

"ಕೊಟ್ರ್ಯಾ?"

ನಾನು ವಹಿಯನ್ನು ಮಡಚಿಟ್ಟುಕೊಂಡೆ. ಅವರು ಎರಡನೆಯ ಸಲ ಕೇಳಲಿಲ್ಲ.

ಬನ್ನಿ ಹಬ್ಬದ ದಿನ ಅವಳು ಸೊಲ್ಲಾಪುರದ ಮಂಚದ ಮೇಲಿದ್ದಳು. ತಾಂಬಾದಿಂದ ಯಾರೂ ಬರಲಿಲ್ಲ. ಗುಳಿಗೆ, ಹಾಲಿನಲ್ಲಿ ಹಾಕುವ ಕಹಿ ಹನಿ, ಪೂರ್ತಿ ವಿಶ್ರಾಂತಿ. ಎದೆಯ ಬಡಿತ ಇಳಿದ ಮೇಲೆ ಗಂಟಲು ಕೊಯ್ದು ಗ್ರಂಥಿಯ ಬಹುಪಾಲನ್ನು ತೆಗೆದರು. ಎಚ್ಚರವಾದ ಮೇಲೆ ಅವಳು ಸನ್ನೆ ಮಾಡಿ ನೀರು ಕೇಳಿದಳು. ಲೋಟ ಹಿಡಿದ ಕೈಯಲ್ಲಿ ಬಳೆಗಳು ಸುಮ್ಮನಿದ್ದವು. ನಾನು ಹೊರಗೆ ಹೋಗಿ ಅತ್ತುಬಿಟ್ಟೆ.

ಬಾಗೇವಾಡಿಗೆ ಕರೆತಂದಾಗ ಚಳಿ ಶುರುವಾಗಿತ್ತು, ಅವಳು ನಮ್ಮೆಲ್ಲರಂತೆ ಕಂಬಳಿ ಕೇಳಿದಳು. ಮೂರು ರೊಟ್ಟಿಗೆ ಸಾಕು ಎನ್ನುತ್ತಿದ್ದಳು, ಆ ಮೂರೂ ಮೈಗೆ ಹತ್ತುತ್ತಿದ್ದವು. ಅವಳು ಬಂದ ಮರುದಿನವೂ ಅವ್ವ ಹಿತ್ತಲಲ್ಲಿ ತಾಟು ಇಟ್ಟಳು. ಸಂಜೆ ಹೋಗಿ ನೋಡಿದರೆ ರೊಟ್ಟಿ ಇಟ್ಟ ಹಾಗೇ ಇದ್ದವು, ಬೆಲ್ಲಕ್ಕೆ ಇರುವೆ ಮುತ್ತಿದ್ದವು. ಮರುದಿನವೂ ಹಾಗೇ. ಮೂರನೆಯ ದಿನ ಅವು ಒಣಗಿ ಅಂಚು ಮೇಲೆದ್ದಿದ್ದವು.

"ಆಕಿ ಸೊಲ್ಲಾಪುರದಾಗs ಉಳದ್ಲು," ಎಂದು ಅವ್ವ ಕೈ ಮುಗಿದು ತಾಟು ಒಳಗೆ ತಂದಳು. ನನಗೆ ಸಮಾಧಾನವಾಗಲಿಲ್ಲ. ನಾಯಿಗಳು ಎಲ್ಲಿಗೂ ಹೋಗಿರಲಿಲ್ಲ, ಓಣಿಯಲ್ಲೇ ಇದ್ದವು. ಹಾಗಾದರೆ ಅಷ್ಟು ದಿನ ತಿಂದದ್ದು ಯಾರು? ಆ ಅಲುಗುವ ತಾಟು ನನ್ನ ಕನಸಿನಲ್ಲಿ ಟಣಗುಡುತ್ತಲೇ ಇತ್ತು.

ಯುಗಾದಿ ಕಳೆದ ಮೇಲೆ ಗಂಡ ತಾನೇ ಬಂದು, ನನ್ನ ಮುಖ ನೋಡಲಾಗದೆ ನೆಲ ನೋಡುತ್ತ, ಅವಳನ್ನು ಕರೆದುಕೊಂಡು ಹೋದ. ಬೇರೆ ಹೆಣ್ಣಿನ ಮಾತು ಅಲ್ಲಿಗೆ ಮುಗಿಯಿತು. ಮುಂದಿನ ಪಂಚಮಿಗೆ ಅವಳು ಎಲ್ಲ ಹೆಣ್ಣುಮಕ್ಕಳಂತೆ ಬಂದಳು. ಗಲ್ಲ ತುಂಬಿದ್ದವು, ಕೊರಳ ಗಾಯದ ಗೆರೆ ಮಣಿಸರದ ಕೆಳಗೆ ಮುಚ್ಚಿಹೋಗಿತ್ತು. ಹಿತ್ತಲಿನ ಬೇವಿನ ಗಿಡಕ್ಕೆ ನಾನೇ ಜೋಕಾಲಿ ಕಟ್ಟಿದೆ. ಅವಳು ಕುಳಿತಳು, ನಾನು ಜೀಕಿದೆ. ಎದುರಿಗೆ ಅದೇ ಬಣವೆ, ಅದೇ ಗೋಡೆ.

"ತಂಗೀ, ಹೋದ ವರ್ಷ ಅವ್ವ ಅಲ್ಲಿ ರೊಟ್ಟಿ ಇಡ್ತಿದ್ಲಲ್ಲ," ಎಂದೆ, ನಗುತ್ತ ಕೇಳಬೇಕೆಂದುಕೊಂಡಿದ್ದರೂ ನಗು ಬರಲಿಲ್ಲ. "ಅವನ್ನ ಯಾರು ತಿಂತಿದ್ರು, ನಿನಗೇನರ ಗೊತ್ತೈತೇನು?"

ಅವಳು ಕಾಲು ಊರಿ ಜೋಕಾಲಿ ನಿಲ್ಲಿಸಿದಳು.

"ನಾನs, ಅಣ್ಣಾ."

ನಾನು ಹಗ್ಗ ಹಿಡಿದು ನಿಂತೆ.

"ಅವ್ವ ಮಲಗಿದ ಮ್ಯಾಲ ಬರ್ತಿದ್ದೆ. ತಿಂದು ತಾಟ ಬೋರಲ ಹಾಕ್ತಿದ್ದೆ, ಮನ್ಯಾಗ ಹಾಕಿಧಂಗ. ನೀ ಒಂದಿನಾ ದಣಪಿ ದಾಟಿ ಬಂದಿ ನೋಡು, ಆವತ್ತ ಬಣವಿ ಹಿಂದ ಇದ್ದೆ, ಬಾಯಾಗ ತುತ್ತ ಹಿಡಕೊಂಡು. ನುಂಗಿದ್ರ ನಿನಗ ಕೇಳಸ್ತೈತಿ ಅಂತ ನುಂಗಲಿಲ್ಲ."

"ನನಗ ಯಾಕ ಹೇಳಲಿಲ್ಲ?" ಎಂದೆ. "ಹಸಿವಿ ಅಂತ ಒಂದ ಮಾತ ಅಂದಿದ್ರ..."

"ಲೆಕ್ಕಾ ಕೆಟ್ರ ತಾಂಬಾಕ್ಕ ಕಳಸಾಕ ಆಗೂದಿಲ್ಲ ಅಂದಿದ್ದಿ ಅಲ್ಲ ನೀನು," ಎಂದಳು ಅವಳು, ಸಿಟ್ಟಿಲ್ಲದೆ, ಬಣವೆಯ ಕಡೆ ನೋಡುತ್ತ. "ನನ್ನ ರೊಟ್ಟಿ ನೀ ಎಣಸ್ತಿದ್ದಿ, ಅಣ್ಣಾ. ದೆವ್ವದ್ದು ಯಾರೂ ಎಣಸ್ತಿರಲಿಲ್ಲ."